ಜಗಲಿಗೆ ಬಂದ ಗವಾಯಿಗಳು

ಸಂಗೀತವನ್ನು ಗವಾಯಿಯ ಎದುರಿಗೆ ಕುಳಿತೇ ಕೇಳತಕ್ಕದ್ದು, ಯಂತ್ರದಿಂದ ಹೊರಡುವ ಹಾಡು ಹಾಡೇ ಅಲ್ಲ ಎಂದು ವಾದಿಸುವ ರಸಿಕರು ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಹಾಡುಗಾರನ ಮುಖದ ಮೇಲೆ ಹಾಯುವ ಭಾವ, ತಬಲಾದವನೊಡನೆ ನಡೆಯುವ ಕಣ್ಣಸನ್ನೆ, ಸಮ್ಮಿಗೆ ಬಂದಾಗ ಸಭೆಯೆಲ್ಲ ಒಟ್ಟಿಗೆ ತಲೆದೂಗುವ ಸೊಗಸು ಇವಾವುವೂ ಯಂತ್ರಕ್ಕೆ ದಕ್ಕುವಂಥವಲ್ಲ. ಆದರೆ ಈ ವಾದವನ್ನು ಹೂಡುವವರು ಬಹುಮಟ್ಟಿಗೆ ಸಭಾಭವನದ ಕೂಗಳತೆಯಲ್ಲಿ ಮನೆ ಮಾಡಿಕೊಂಡವರೇ ಆಗಿರುತ್ತಾರೆ.

ಶಿರಸಿ-ಸಿದ್ದಾಪುರ ಸೀಮೆಯ ತ್ಯಾಗಲಿಯಂತಹ ಊರಿನಲ್ಲಿ ನಿಂತು ನೋಡಿದರೆ ಮಾತು ಬೇರೆಯಾಗುತ್ತದೆ. ಇಲ್ಲಿ ಮನೆಮನೆಯ ನಡುವೆ ಅಡಿಕೆಯ ತೋಟ, ಕಾಡು. ಜೂನಿನಲ್ಲಿ ಹಿಡಿದ ಮಳೆ ಬೇಗನೆ ಬಿಡುವುದಲ್ಲ. ಯಕ್ಷಗಾನಕ್ಕೂ ತಾಳಮದ್ದಲೆಗೂ ಕೊರತೆಯಿಲ್ಲ. ಆದರೆ ಹಿಂದೂಸ್ತಾನಿ ಸಂಗೀತದ ದೊಡ್ಡ ಕಛೇರಿಯನ್ನು ಕೇಳಬೇಕಾದರೆ ಹುಬ್ಬಳ್ಳಿ-ಧಾರವಾಡದ ದಾರಿಯನ್ನೇ ಹಿಡಿಯಬೇಕಾಗಿತ್ತು. ಇಂತಹ ಊರುಗಳ ಜಗಲಿಗೆ ಗವಾಯಿಗಳು ಬಂದದ್ದು ಗ್ರಾಮಾಫೋನಿನ ತಟ್ಟೆಯನ್ನೇರಿ, 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಆರಂಭವಾದ ಮೇಲೆ ರೇಡಿಯೋದ ಮೂಲಕ, ಬಳಿಕ ಕ್ಯಾಸೆಟ್ಟಿನಲ್ಲಿ, ಈಗ ಅಂಗೈಯ ಮೊಬೈಲಿನಲ್ಲಿ. ಹೀಗೆ ಬಂದ ಅತಿಥಿಯನ್ನು ನಾವು ಹೇಗೆ ಬರಮಾಡಿಕೊಳ್ಳುತ್ತೇವೆ ಎಂಬುದೇ ಈಗಿನ ಪ್ರಶ್ನೆ. ಹಿಂದೆ ತಟ್ಟೆ ದುರ್ಲಭವಾಗಿತ್ತು, ಕೇಳುವ ತಾಳ್ಮೆ ಹೇರಳವಾಗಿತ್ತು. ಇಂದು ಹಾಡು ಹೇರಳವಾಗಿದೆ; ಕೇಳುವ ಕಿವಿಯೇ ದುರ್ಲಭವಾಗತೊಡಗಿದೆ.

ಮೂರು ನಿಮಿಷದ ಕಟ್ಟುಪಾಡು

ನಮ್ಮ ದೇಶದ ಸಂಗೀತವನ್ನು ತಟ್ಟೆಯಲ್ಲಿ ಹಿಡಿಯುವ ಉದ್ಯಮ ಮೊದಲಾದದ್ದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಗ್ರಾಮಾಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಯಂತ್ರವನ್ನು ಹೊತ್ತು ಬಂದ. ಆಗ ಹಾಡಿದವರಲ್ಲಿ ಪ್ರಸಿದ್ಧಳಾದವಳು ಗೌಹರ್ ಜಾನ್. ಹಾಡು ಮುಗಿಯುತ್ತಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದಳು. ಇದು ಗರ್ವದಿಂದಲ್ಲ, ಅಚ್ಚಾಗಲು ಜರ್ಮನಿಯ ಹ್ಯಾನೋವರಿಗೆ ಹೋಗುತ್ತಿದ್ದ ತಟ್ಟೆಯಲ್ಲಿ ಹಾಡಿದವರಾರೆಂಬುದು ಅಲ್ಲಿಯ ಕೆಲಸಗಾರರಿಗೆ ತಿಳಿಯಬೇಕಾಗಿತ್ತು. ಈ ಗೌಹರ್ ಜಾನ್ ತನ್ನ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿ. ಅಲ್ಲಿಯೇ 1930ರ ಜನವರಿಯಲ್ಲಿ ತೀರಿಕೊಂಡಳು.

ಹತ್ತು ಅಂಗುಲದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಿ, ಸುಮಾರು ಮೂರು ನಿಮಿಷಗಳಲ್ಲಿ ಮುಗಿದುಹೋಗುತ್ತಿತ್ತು. ಒಂದು ಗಂಟೆ ಹಾಡಿದರೂ ರಾಗದ ಹೊಸಿಲು ದಾಟದ ಗವಾಯಿಗಳಿಗೆ ಮೂರು ನಿಮಿಷವೆಂದರೆ ಸಾಮಾನ್ಯ ಪರೀಕ್ಷೆಯೆ? ವಿಲಂಬಿತವನ್ನು ಬದಿಗಿಟ್ಟು, ಬಂದಿಶು, ನಾಲ್ಕು ಆಲಾಪ, ಎರಡು ತಾನು ಇಷ್ಟರಲ್ಲಿಯೇ ರಾಗದ ಮೂರ್ತಿಯನ್ನು ನಿಲ್ಲಿಸಬೇಕಾಗಿತ್ತು. ಮೊದಮೊದಲು ಹಾಡುಗಾರನು ದೊಡ್ಡ ಕಹಳೆಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಾಗಿತ್ತು. 1925ರ ಸುಮಾರಿಗೆ ವಿದ್ಯುತ್ ಮುದ್ರಣ ಬಂದು ಮೈಕಿನ ಬಳಕೆಯಾದ ಮೇಲೆಯೇ ಮೆಲುದನಿಯ ಕುಸುರಿ ತಟ್ಟೆಗೆ ಇಳಿಯಿತು. 1948ರಲ್ಲಿ ಅಮೆರಿಕದಲ್ಲಿ ದೀರ್ಘಾವಧಿಯ ಎಲ್ಪಿ ತಟ್ಟೆಗಳು ಹುಟ್ಟಿದವು. 1955ರಲ್ಲಿ ಅಲಿ ಅಕ್ಬರ್ ಖಾನರ ಸರೋದ್ ಅಂತಹ ತಟ್ಟೆಯ ಮೇಲೆ ಬಂದಾಗ ನಮ್ಮ ರಾಗಗಳಿಗೆ ಕಾಲು ಚಾಚಿ ಕೂರಲು ಎಡೆ ದೊರೆಯಿತು.

ಹಳೆಯ ತಟ್ಟೆಯನ್ನು ಕೇಳುವಾಗ ಈ ಚರಿತ್ರೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಅದು ಕಛೇರಿಯ ತುಣುಕಲ್ಲ. ಮುಕ್ತಕದಂತೆ ತನ್ನಷ್ಟಕ್ಕೆ ತಾನು ಪೂರ್ಣವಾದ ರಚನೆ. ಮಹಾಕಾವ್ಯದ ವಿಸ್ತಾರವನ್ನು ಮುಕ್ತಕದಲ್ಲಿ ಹುಡುಕುವುದು ಸಹೃದಯನ ಲಕ್ಷಣವಲ್ಲ.

ತಟ್ಟೆಯೇ ಗುರುವಾದಾಗ

ಕಿರಾಣಾದ ಉಸ್ತಾದ ಅಬ್ದುಲ್ ಕರೀಂ ಖಾನರು 1937ರಲ್ಲಿ ತೀರಿಕೊಂಡರು. ಅವರು ಹಾಡಿದ ಝಿಂಝೋಟಿ ರಾಗದ ಠುಮ್ರಿಯ ತಟ್ಟೆಯೊಂದು ಗದಗಿನ ಕಡೆಯ ಬಾಲಕನೊಬ್ಬನ ಕಿವಿಗೆ ಬಿತ್ತು. ತಾನೂ ಹೀಗೆ ಹಾಡಬೇಕೆಂಬ ಹಂಬಲ ಹತ್ತಿ, ಆ ಹುಡುಗ 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನರಸಿ ಮನೆ ಬಿಟ್ಟು ಹೋದ. ಉತ್ತರ ಹಿಂದೂಸ್ಥಾನವನ್ನೆಲ್ಲ ಅಲೆದು, ಕೊನೆಗೆ ಕುಂದಗೋಳದಲ್ಲಿ ಅದೇ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಪಾದ ಹಿಡಿದ. ಆತನೇ ಮುಂದೆ ಭಾರತರತ್ನರಾದ ಭೀಮಸೇನ ಜೋಶಿ. ಇತ್ತ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರನೆಂಬ ಹುಡುಗ, ಘನ ವಿದ್ವಾಂಸರ ತಟ್ಟೆಗಳನ್ನು ಕೇಳಿ ಹಾಗೆಯೇ ಒಪ್ಪಿಸಿ ಹಿರಿಯರನ್ನು ಬೆರಗುಗೊಳಿಸುತ್ತಿದ್ದ. ಅವರೇ ಕುಮಾರ ಗಂಧರ್ವರು.

ಈ ಎರಡು ಸಂಗತಿಗಳಲ್ಲಿ ಒಂದು ಪಾಠವಿದೆ. ತಟ್ಟೆ ಹಂಬಲವನ್ನು ಹುಟ್ಟಿಸಿತು, ದಾರಿಯನ್ನೂ ತೋರಿತು. ಆದರೆ ಇಬ್ಬರೂ ಅಲ್ಲಿಗೇ ನಿಲ್ಲದೆ ಗುರುವಿನ ಬಳಿಗೆ ನಡೆದರು. ಕುಮಾರರಂತೂ ಮುಂಬಯಿಯಲ್ಲಿ ದೇವಧರರ ಶಿಷ್ಯರಾಗಿ, ಅನುಕರಣೆಯನ್ನು ದಾಟಿ ತಮ್ಮದೇ ದಾರಿಯನ್ನು ಕಡಿದುಕೊಂಡರು. ಧ್ವನಿಮುದ್ರಿಕೆ ಒಳ್ಳೆಯ ಗುರು. ಆದರೆ ಶಿಷ್ಯನ ತಪ್ಪನ್ನು ತಿದ್ದಲಾರದ ಗುರು.

ಯಾವುದನ್ನು ಮೊದಲು ಕೇಳಬೇಕು?

ನಮ್ಮ ಕಡೆ ಕೊಯ್ಲಿನ ಕಾಲದಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಅಡಿಕೆ ಸುಲಿಯುವುದುಂಟು. ಕೈಗೆ ಕೆಲಸ, ಕಿವಿಗೆ ಬಿಡುವು. ಒಮ್ಮೆ ಹೀಗೆ ಸುಲಿಯುತ್ತಿದ್ದಾಗ ಕಿಶೋರಿ ಅಮೋಣಕರರ ಭೂಪ ರಾಗದ ಮುದ್ರಿಕೆಯನ್ನು ಹಚ್ಚಿದ್ದೆ. ಆಟವನ್ನಲ್ಲದೆ ಬೇರೆ ಸಂಗೀತವನ್ನೇ ಅರಿಯದ ಹಿರಿಯರೊಬ್ಬರು ಕತ್ತಿಯಿಂದ ಕೈತೆಗೆದು, "ಇದು ನಮ್ಮ ಭಾಗವತ್ರ ಮೋಹನನೇ ಅಲ್ದನಾ ತಮಾ?" ಎಂದರು. ಅದು ನಿಜವೇ ಸರಿ. ದಕ್ಷಿಣದ ಮೋಹನಕ್ಕೂ ಉತ್ತರದ ಭೂಪಕ್ಕೂ ಸ ರಿ ಗ ಪ ದ ಎಂಬ ಐದೇ ಸ್ವರಗಳು. ಶಾಸ್ತ್ರ ಓದದೆಯೂ ಕಾವ್ಯದ ಮರ್ಮ ಬಲ್ಲವರು ಕನ್ನಡಿಗರೆಂದು ಕವಿರಾಜಮಾರ್ಗ ಹೊಗಳಿತು. ಸಂಗೀತಕ್ಕೂ ಈ ಮಾತು ಸಲ್ಲುತ್ತದೆ. ಆದುದರಿಂದ ನನ್ನ ಮೊದಲ ಸಲಹೆ: ಕಿವಿಗೆ ಬಳಕೆಯಾದ ಕಡೆಯಿಂದಲೇ ಹೊರಡಿರಿ.

ಭೀಮಸೇನರು ಕನ್ನಡದಲ್ಲಿ ಹಾಡಿದ ದಾಸರ ಪದಗಳು ಯಾರಿಗೆ ತಿಳಿಯವು? ಆ ಪದಗಳ ಪರಿಚಯವಿದ್ದವರು ಅದೇ ಕಂಠದ ಮಿಯಾ ಮಲ್ಹಾರಕ್ಕೆ ಒಂದು ಮಳೆಯ ಸಂಜೆ ಕಿವಿಗೊಡಲಿ. ಕೋಮಲ ನಿಷಾದವೂ ಶುದ್ಧ ನಿಷಾದವೂ ಒಂದನ್ನೊಂದು ತಾಗುತ್ತ ಮೇಲೇರುವಾಗ, ಹೊರಗೆ ಹೆಂಚಿನ ಮೇಲೆ ಸುರಿಯುವ ಮಳೆಗೂ ಒಳಗಿನ ಸ್ವರಕ್ಕೂ ಒಂದು ನಂಟು ಏರ್ಪಡುವುದನ್ನು ಮಲೆನಾಡಿಗರು ಬಲುಬೇಗ ಗುರುತಿಸುವರು.

ಎರಡನೆಯದಾಗಿ ಒಂದು ಗುರುಪರಂಪರೆಯನ್ನು ಹಿಡಿದು ಕೇಳಬೇಕು. ಅಬ್ದುಲ್ ಕರೀಂ ಖಾನರ ಝಿಂಝೋಟಿ, ಭೈರವಿ, ಜೋಗಿಯಾ, ಬಸಂತ. ಬಳಿಕ ಸವಾಯಿ ಗಂಧರ್ವರ ಕೆಲವೇ ತಟ್ಟೆಗಳು. ಅನಂತರ ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನರು. ಒಂದೇ ಬೀಜದಿಂದ ಎಷ್ಟು ಭಿನ್ನವಾದ ಮರಗಳು! ಖಾನರ ದನಿ ಬಲು ಎತ್ತರ, ದಾರದಂತೆ ನಯ. ಗಂಗೂಬಾಯಿಯವರದು ಗಂಭೀರವಾದ ಕಂಠ. ಅದರಲ್ಲಿಯೂ ಗಂಗೂಬಾಯಿಯವರು 'ಗಾಂಧಾರಿ' ಎಂಬ ಹೆಸರಿನಲ್ಲಿ ತಾರುಣ್ಯದಲ್ಲಿ ಹಾಡಿದ ತಟ್ಟೆಯನ್ನೂ ಮುಂದಿನ ದಿನಗಳ ಮುದ್ರಿಕೆಯನ್ನೂ ಒಟ್ಟಿಗಿಟ್ಟು ಕೇಳಿರಿ. ಗಂಟಲಿನ ಬೇನೆಗೆ ಚಿಕಿತ್ಸೆಯಾದ ಮೇಲೆ ಅವರ ತೆಳುದನಿ ಹೋಗಿ ಗಡಸುದನಿ ಬಂದಿತು. ಇತರರು ಎದೆಗುಂದುವಲ್ಲಿ ಅವರು ಆ ದನಿಯನ್ನೇ ತಪಸ್ಸಿನಿಂದ ಪಳಗಿಸಿದರು. ಇದನ್ನು ಯಾವ ಜೀವನಚರಿತ್ರೆಗಿಂತಲೂ ಸ್ಪಷ್ಟವಾಗಿ ಆ ಎರಡು ಮುದ್ರಿಕೆಗಳು ಹೇಳುತ್ತವೆ.

ಮೂರನೆಯ ಮೆಟ್ಟಿಲು ಮಲ್ಲಿಕಾರ್ಜುನ ಮನಸೂರರದು. ಜೈಪುರ ಘರಾಣೆಯ ಮಂಜೀಖಾನ್, ಬುರ್ಜೀಖಾನರ ಶಿಷ್ಯರಾದ ಅವರಲ್ಲಿ ಶಿವಮತ ಭೈರವ, ಶುದ್ಧ ನಟ, ಬಹಾದುರಿ ತೋಡಿ ಮೊದಲಾದ ಅಪರೂಪದ ರಾಗಗಳ ಭಂಡಾರವೇ ಇತ್ತು. ಅವರ ಸಂಗೀತ ಮೊದಲ ಸಲ ಕೇಳಿದವನನ್ನು ತಬ್ಬಿಬ್ಬು ಮಾಡಬಹುದು. ಸ್ವರವೂ ಲಯವೂ ಹೆಣೆದುಕೊಂಡು ಒಂದೇ ಓಟದಲ್ಲಿ ಸಾಗುತ್ತವೆ, ಉಸಿರಾಡಲು ಎಡೆ ಕೊಡುವುದಿಲ್ಲ. ಕಷ್ಟವೆನಿಸಿದರೆ ಮೊದಲು ಅವರ ವಚನಗಾಯನವನ್ನು ಕೇಳಿ, ಆಮೇಲೆ ರಾಗಕ್ಕೆ ಬನ್ನಿರಿ. ರಾತ್ರಿಯ ಹೊತ್ತಿಗೆ ಅಮೀರ್ ಖಾನರ ಎಲ್ಪಿಯೊಂದನ್ನು ತೆಗೆದಿರಿಸಿಕೊಳ್ಳಿರಿ. ಅದರ ಒಂದು ಬದಿಯಲ್ಲಿ ಮಾರವಾ, ಇನ್ನೊಂದರಲ್ಲಿ ದರಬಾರಿ. ವಾದ್ಯ ಬೇಕೆಂಬವರಿಗೆ ಮೈಸೂರಿನ ದೊರೆಸ್ವಾಮಿ ಅಯ್ಯಂಗಾರರ ವೀಣೆ ಇದೆ. ಇಂಗ್ಲಿಷ್ ಪಾಠ ಹೇಳುತ್ತಿದ್ದು ಸರೋದಿಗೆ ಒಲಿದ ರಾಜೀವ ತಾರಾನಾಥರ ಮುದ್ರಿಕೆಗಳಿವೆ.

ಕೇಳುವ ಕ್ರಮ

ಹತ್ತು ಮುದ್ರಿಕೆಗಳನ್ನು ಒಂದೊಂದು ಸಲ ಕೇಳುವುದಕ್ಕಿಂತ ಒಂದನ್ನು ಹತ್ತು ಸಲ ಕೇಳುವುದು ಲೇಸು. ತರಗತಿಯಲ್ಲಿ ಪಂಪನ ಪದ್ಯವೊಂದನ್ನು ನಾಲ್ಕನೆಯ ಸಲ ಓದಿದಾಗ ವಿದ್ಯಾರ್ಥಿಗಳ ಕಣ್ಣಿನಲ್ಲಿ ಬೆಳಕು ಮೂಡುವುದನ್ನು ಕಂಡಿದ್ದೇನೆ. ಸಂಗೀತದ ರೀತಿಯೂ ಅದೇ. ಮೊದಲ ಸಲ ತಂಬೂರಿಯ ಷಡ್ಜವನ್ನಷ್ಟೇ ಹಿಡಿದುಕೊಳ್ಳಿರಿ. ಎರಡನೆಯ ಸಲ ತಬಲಾದ ಠೇಕಾ ಸಮ್ಮಿಗೆ ಮರಳುವುದನ್ನು ಗಮನಿಸಿರಿ. ಮೂರನೆಯ ಸಲ, ಗವಾಯಿ ಯಾವ ಸ್ವರದ ಮೇಲೆ ನಿಲ್ಲುತ್ತಾನೆ, ಯಾವುದನ್ನು ಸವರಿ ಸಾಗುತ್ತಾನೆ ಎಂಬುದನ್ನು ನೋಡಿರಿ. ಭೂಪಕ್ಕೂ ದೇಶಕಾರಕ್ಕೂ ಇರುವ ಸ್ವರಗಳು ಒಂದೇ. ಆದರೆ ಭೂಪದಲ್ಲಿ ಗಾಂಧಾರಕ್ಕೆ ಪಟ್ಟ, ದೇಶಕಾರದಲ್ಲಿ ಧೈವತಕ್ಕೆ. ಒಂದು ಇರುಳ ಮೊದಲ ಜಾವದ್ದು, ಇನ್ನೊಂದು ಬೆಳಗಿನದು. ಈ ಎರಡರ ಭೇದ ಕಿವಿಗೆ ಗೋಚರಿಸಿದ ದಿನ ನೀವು ರಸಿಕರಾದಿರೆಂದೇ ತಿಳಿಯಿರಿ.

ಮೊಬೈಲಿನಲ್ಲಿ ಕೇಳುವವರು ಆ ಹೊತ್ತಿನಲ್ಲಿ ಅದನ್ನು ಕೈಗೆಟುಕದ ಕಡೆ ಇಡುವುದೊಳ್ಳೆಯದು. ಬೆರಳು ಸುಮ್ಮನಿರದಿದ್ದರೆ ವಿಲಂಬಿತವು ಬೆಳೆಯುವ ಮೊದಲೇ ಇನ್ನೊಂದು ಹಾಡು ಬಂದು ಕೂರುತ್ತದೆ.

ಅಟ್ಟದ ಮೇಲಿನ ಆಸ್ತಿ

ಹಳೆಯ ಮನೆಗಳ ಅಟ್ಟದಲ್ಲಿ ತಟ್ಟೆಗಳ ಕಟ್ಟು ಇನ್ನೂ ದೊರೆಯುವುದುಂಟು. 78ರ ತಟ್ಟೆಗಳು ಅರಗಿನಿಂದ ಮಾಡಿದವು. ಬಿದ್ದರೆ ಒಡೆಯುತ್ತವೆ, ಮಲೆನಾಡಿನ ಥಂಡಿಗೆ ಬೂಸಲು ಹಿಡಿಯುತ್ತವೆ. ಅವುಗಳನ್ನು ಒಂದರ ಮೇಲೊಂದು ಹೇರದೆ, ಪುಸ್ತಕಗಳಂತೆ ನಿಲ್ಲಿಸಿಡಬೇಕು. ಮೆತ್ತನೆಯ ಅರಿವೆಯಿಂದ ಒರೆಸಬೇಕು. ಸ್ಪಿರಿಟ್ಟನ್ನು ಮಾತ್ರ ಸೋಕಿಸಬಾರದು, ಅದು ಅರಗನ್ನೇ ಕರಗಿಸುತ್ತದೆ. ಎಲ್ಪಿಯ ಸಣ್ಣ ಮುಳ್ಳಿನಿಂದ ಇವನ್ನು ನುಡಿಸಲೂ ಆಗದು, ಇವುಗಳ ಗೀರು ಅಗಲ. ಬಲ್ಲವರಿಂದ ಪ್ರತಿ ಮಾಡಿಸಿ, ಹಾಡಿದವರ ಹೆಸರು, ರಾಗ, ತಟ್ಟೆಯ ಸಂಖ್ಯೆಗಳನ್ನು ಬರೆದಿಟ್ಟರೆ ಮುಂದಿನವರಿಗೆ ಉಪಕಾರವಾದೀತು.

ಒಬ್ಬ ರಸಿಕನ ಮಮತೆ ಎಷ್ಟನ್ನು ಉಳಿಸಬಲ್ಲದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಕಾರ ಲಂಡನ್ನಿನಲ್ಲಿ ಮುಪ್ಪನ್ನೂ ಬಡತನವನ್ನೂ ಅನುಭವಿಸುತ್ತಿದ್ದ ಕಾಲದಲ್ಲಿ, ಅವನ ಕೃತಿಗಳನ್ನು ಮೆಚ್ಚಿದ ಮೈಸೂರಿನ ಜಯಚಾಮರಾಜ ಒಡೆಯರು ಹಣವೊದಗಿಸಿ ಅವನಿಂದಲೇ ಅವುಗಳ ಧ್ವನಿಮುದ್ರಣವಾಗುವಂತೆ ಮಾಡಿದರು. ಆತ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿ, 1951ರಲ್ಲಿ ತೀರಿಕೊಂಡ. ಅವನ ಬೆರಳುಗಳ ನುಡಿ ಇಂದಿಗೂ ಕೇಳಿಸುತ್ತಿದ್ದರೆ ಅದಕ್ಕೆ ಒಬ್ಬ ಕನ್ನಡದ ದೊರೆ ಕಾರಣ.

ನಮಗೆ ಅಷ್ಟು ಐಶ್ವರ್ಯವಿಲ್ಲ, ಬೇಕಾಗಿಯೂ ಇಲ್ಲ. ವಾರಕ್ಕೊಂದು ಸಂಜೆ, ಒಂದು ರಾಗ, ಮನೆಯವರೆಲ್ಲರ ಅರ್ಧ ಗಂಟೆಯ ಮೌನ ಇಷ್ಟನ್ನು ಯಾವ ಸಂಸಾರವೂ ಕೊಡಬಲ್ಲದು. ಮಕ್ಕಳಿಗೆ ಅರ್ಥವಾಗಲಿಲ್ಲವೆಂದು ಚಿಂತಿಸುವ ಕಾರಣವಿಲ್ಲ. ಕಿವಿಯ ಮೇಲೆ ಬಿದ್ದದ್ದು ಎಂದು ಮೊಳೆಯುವುದೆಂದು ಯಾರು ಬಲ್ಲರು? ಯಲ್ಲಾಪುರ ತಾಲೂಕಿನ ಹಾಸಣಗಿಯಿಂದ ಹೊರಟು, ಬಸವರಾಜ ರಾಜಗುರುಗಳಲ್ಲಿ ಕಲಿತು ದೊಡ್ಡ ಗಾಯಕರಾದ ಗಣಪತಿ ಭಟ್ಟರು ನಮ್ಮ ಸೀಮೆಯವರೇ. ಅಡಿಕೆಯ ತೋಟಗಳ ನಡುವೆಯೂ ಖಯಾಲು ಬೇರೂರುತ್ತದೆ. ಅದಕ್ಕೆ ನೀರೆರೆಯುವ ಕೆಲಸ ಹಾಡುವವರದಷ್ಟೇ ಅಲ್ಲ, ಕೇಳುವವರದೂ ಹೌದು.