ದವಡೆಯ ಕೀಲಿನ ವ್ಯಾಧಿಗಳು: ಅಡಿಕೆಯ ಸೀಮೆಯಲ್ಲಿ ಅವುಗಳ ವಿವೇಚನೆ

ಬಾಯಿಯನ್ನು ಪೂರ್ಣವಾಗಿ ತೆರೆಯಲಾಗದಿರುವುದು ಒಂದು ಲಕ್ಷಣವೇ ಹೊರತು ತಾನೇ ಒಂದು ವ್ಯಾಧಿಯಲ್ಲ. ಈ ಲಕ್ಷಣ ಕಂಡೊಡನೆ ದವಡೆಯ ಕೀಲು ಕೆಟ್ಟಿತೆಂದು ಎಣಿಸುವುದು ಸಹಜ. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯ ಬೇಗಾರ್ ಮೊದಲಾದ ಊರುಗಳಂತೆ ಅಡಿಕೆಯನ್ನು ಬೆಳೆದು, ಕವಳವನ್ನೂ ಮೆಲ್ಲುವ ಸೀಮೆಗಳಲ್ಲಿ ಇದೇ ಲಕ್ಷಣಕ್ಕೆ ಕೀಲಿಗೆ ಸಂಬಂಧಿಸದ ಮತ್ತೊಂದು ಕಾರಣವೂ ಇರಬಹುದು. ಇವೆರಡರ ಚಿಕಿತ್ಸೆಯೂ ಪರಿಣಾಮವೂ ಬೇರೆಯಾದುದರಿಂದ ಅವುಗಳ ಭೇದವನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

ದವಡೆಯ ಕೀಲು, ಎಂದರೆ ಹನುಸಂಧಿ, ಎರಡು ಕಿವಿಗಳ ಮುಂದೆಯೂ ಇರುತ್ತದೆ. ಕೆಳದವಡೆಯ ದುಂಡನೆಯ ತುದಿಯು ಕಣತಲೆಯ ಎಲುಬಿನ ಕುಳಿಯಲ್ಲಿ ಕೂಡುವ ಸ್ಥಾನವೇ ಇದು. ನಡುವೆ ಗಟ್ಟಿ ನಾರಿನ ತೆಳುವಾದ ಬಿಲ್ಲೆಯೊಂದುಂಟು. ಬಾಯಿ ತೆರೆಯತೊಡಗಿದಾಗ ದವಡೆಯ ತುದಿಯು ಬಾಗಿಲಿನ ತಿರುಗಣಿಯಂತೆ ಇದ್ದಲ್ಲಿಯೇ ತಿರುಗುತ್ತದೆ. ಇನ್ನೂ ಅಗಲವಾಗಿ ತೆರೆದಾಗ ಬಿಲ್ಲೆಯೊಡನೆ ಮುಂದಕ್ಕೆ ಜಾರುತ್ತದೆ. ವಯಸ್ಕರಲ್ಲಿ ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವೆ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರುಗಳಷ್ಟು ಅಂತರ ಬರುತ್ತದೆ. ತಮ್ಮವೇ ಮೂರು ಬೆರಳುಗಳನ್ನು ಜೋಡಿಸಿ ಲಂಬವಾಗಿ ಇರಿಸಿ ನೋಡುವುದು ಇದಕ್ಕೆ ಸುಲಭವಾದ ಪರೀಕ್ಷೆ.

ಕೀಲಿನ ತೊಂದರೆಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಅಗಿಯುವ ಸ್ನಾಯುಗಳ ನೋವು. ಹಲ್ಲು ಕಚ್ಚಿ ಹಿಡಿಯುವ ಅಭ್ಯಾಸ, ನಿದ್ರೆಯಲ್ಲಿ ಹಲ್ಲು ಕಡಿಯುವುದು, ಮನಸ್ಸಿನ ಒತ್ತಡ ಇವು ಅದನ್ನು ಹೆಚ್ಚಿಸುತ್ತವೆ. ಎರಡನೆಯದು ಬಿಲ್ಲೆಯ ಸ್ಥಾನಪಲ್ಲಟ. ಜಾರಿದ ಬಿಲ್ಲೆಯು ಬಾಯಿ ತೆರೆಯುವಾಗ ಸ್ವಸ್ಥಾನಕ್ಕೆ ಮರಳಿದರೆ 'ಟಕ್' ಎಂಬ ಸದ್ದು ಕೇಳುತ್ತದೆ. ಮರಳದಿದ್ದರೆ ದವಡೆಯು ಅರ್ಧದಲ್ಲಿಯೇ ತಡೆಯುವುದುಂಟು. ಮೂರನೆಯದು ಕೀಲಿನ ಸವೆತ ಮತ್ತು ಉರಿಯೂತ. ಇವಲ್ಲದೆ ದೊಡ್ಡದಾಗಿ ಆಕಳಿಸಿದಾಗ ಕೀಲು ತಪ್ಪುವುದೂ ಉಂಟು. ತಪ್ಪಿದ ಹನುಸಂಧಿಯನ್ನು ಸರಿಪಡಿಸಿ ಕಟ್ಟುವ ವಿಧಾನವನ್ನು ಸುಶ್ರುತಸಂಹಿತೆಯು ಹೇಳುತ್ತದೆ.

ನೋವಿಲ್ಲದ ಬರಿಯ ಸದ್ದಿಗೆ ಚಿಕಿತ್ಸೆ ಬೇಕಾಗಿಲ್ಲ. ನೋವಿದ್ದಲ್ಲಿ ಮೆತ್ತನೆಯ ಆಹಾರ, ಬಿಸಿ ಶಾಖ, ಕ್ರಮವಾದ ವ್ಯಾಯಾಮ, ಕೆಲಕಾಲ ನೋವುನಿವಾರಕ ಔಷಧಿ, ಅಗತ್ಯವಾದರೆ ರಾತ್ರಿ ಹಲ್ಲಿನ ಮೇಲೆ ತೊಡುವ ಪಟ್ಟಿ ಇವುಗಳಿಂದ ಬಹುಮಂದಿಗೆ ಉಪಶಮನವಾಗುತ್ತದೆ. ಶಸ್ತ್ರಚಿಕಿತ್ಸೆಯ ಅವಶ್ಯಕತೆ ಅಪರೂಪ. ಮತ್ತೆ ಸರಿಪಡಿಸಲಾಗದಂತೆ ಹಲ್ಲುಗಳನ್ನು ಉಜ್ಜಿ ತೇಯುವ ಕ್ರಮವನ್ನು ಮೊದಲಿಗೇ ಕೈಗೊಳ್ಳತಕ್ಕದ್ದಲ್ಲ.

ಇನ್ನು ಅಡಿಕೆಯಿಂದ ಬರುವ ವ್ಯಾಧಿಯ ವಿಚಾರ. ಪೂರ್ವ ಆಫ್ರಿಕದಲ್ಲಿ ನೆಲಸಿದ್ದ ಐವರು ಭಾರತೀಯ ಸ್ತ್ರೀಯರಲ್ಲಿ ಕಂಡ ಈ ಸ್ಥಿತಿಯನ್ನು 1952ರಲ್ಲಿ ಶ್ವಾರ್ಟ್ಸ್ ಎಂಬವರು ವರ್ಣಿಸಿದರು; 1953ರಲ್ಲಿ ಮುಂಬಯಿಯ ಜೋಶಿಯವರು ಇದಕ್ಕೆ ಲೋಳೆಪೊರೆಯಡಿಯ ನಾರುಗಟ್ಟುವಿಕೆ ಎಂಬ ಅರ್ಥದ ಹೆಸರನ್ನು ಕೊಟ್ಟರು. ಅಡಿಕೆಯಲ್ಲಿರುವ ಅರೆಕೋಲೀನ್ ಎಂಬ ಕ್ಷಾರಾಭವು ಕೆನ್ನೆಯೊಳಗಿನ ಜೀವಕೋಶಗಳನ್ನು ಪ್ರಚೋದಿಸಿ ಕೊಲಾಜೆನ್ ಎಂಬ ನಾರನ್ನು ಹೆಚ್ಚಾಗಿ ಉತ್ಪಾದಿಸುವಂತೆ ಮಾಡುತ್ತದೆ. ಅಡಿಕೆಯ ಒಗರಿಗೆ ಕಾರಣವಾದ ಟ್ಯಾನಿನ್‌ಗಳು ಆ ನಾರು ಕರಗದಂತೆ ಬಿಗಿಯುತ್ತವೆ. ಮೊದಲು ಖಾರದ ಊಟ ಉರಿಯುತ್ತದೆ. ಬಳಿಕ ಕೆನ್ನೆಯ ಒಳಭಾಗ ಬಿಳಿಚಿಕೊಂಡು, ಬೆರಳಿಗೆ ಹಗ್ಗದಂತಹ ಪಟ್ಟಿಗಳು ತಗಲುತ್ತವೆ. ಕೀಲು ಆರೋಗ್ಯವಾಗಿಯೇ ಇದ್ದರೂ ಬಾಯಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ.

ಆದುದರಿಂದ ಭೇದವನ್ನು ಹೀಗೆ ಗ್ರಹಿಸಬಹುದು. ಕಿವಿಯ ಮುಂದೆ ನೋವು, ಸದ್ದು, ತೆರೆಯುವಾಗ ದವಡೆ ಒಂದು ಪಕ್ಕಕ್ಕೆ ವಾಲುವುದು ಇವು ಕೀಲನ್ನು ಸೂಚಿಸುತ್ತವೆ. ನೋವಿಲ್ಲದೆ ನಿಧಾನವಾಗಿ ಬಿಗಿಯುವುದು, ಖಾರಕ್ಕೆ ಉರಿ, ಬಿಳಿಚಿದ ಕೆನ್ನೆ ಇವು ಅಡಿಕೆಯ ವ್ಯಾಧಿಯನ್ನು ಸೂಚಿಸುತ್ತವೆ. ಗಾಯವಾದ ಕೆಲವು ದಿನಗಳಲ್ಲಿ ದವಡೆ ಸೆಟೆದುಕೊಂಡರೆ ಧನುರ್ವಾಯುವೆಂದು ಶಂಕಿಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಡಿಕೆಯ ವ್ಯಾಧಿಗೆ ಶಾಖ ಕೊಡುತ್ತ ಕಾಲ ಕಳೆಯುವುದು ಅಪಾಯಕರ. ಏಕೆಂದರೆ ಇದು ಕೆಲವರಲ್ಲಿ ಬಾಯಿಯ ಕ್ಯಾನ್ಸರಿಗೆ ತಿರುಗುತ್ತದೆ. ಹೊಗೆಸೊಪ್ಪಿಲ್ಲದ ಕವಳ ನಿರಪಾಯವೆಂಬ ಭಾವನೆಯೂ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತಾದರೂ ಆ ನಿಷೇಧವು ಬರಿಯ ಅಡಿಕೆಗೆ ಅನ್ವಯಿಸುವುದಿಲ್ಲ. ಮೆಲ್ಲುವುದನ್ನು ಪೂರ್ಣವಾಗಿ ಬಿಡುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ವ್ಯಾಯಾಮ, ಚುಚ್ಚುಮದ್ದು, ಶಸ್ತ್ರಕ್ರಿಯೆಗಳು ಅನಂತರದವು. ಒಮ್ಮೆ ಕಟ್ಟಿದ ನಾರು ಪೂರ್ತಿಯಾಗಿ ಕರಗುವುದು ವಿರಳವಾದುದರಿಂದ ವ್ಯಾಧಿಯನ್ನು ಮೊದಲಲ್ಲಿಯೇ ಗುರುತಿಸುವುದು ಮುಖ್ಯ. ಅಭ್ಯಾಸವನ್ನು ಬಿಟ್ಟ ಮೇಲೂ ಆಗಾಗ್ಗೆ ಬಾಯಿಯನ್ನು ಪರೀಕ್ಷಿಸಿಕೊಳ್ಳುತ್ತಿರಬೇಕು.

ಅಡಿಕೆಯು ಮಲೆನಾಡಿನ ಸಂಸಾರಗಳ ಜೀವನಾಧಾರವೆಂಬುದು ನಿಜ. ಅದನ್ನು ಬೆಳೆದು, ಸುಲಿದು, ಬೇಯಿಸಿ ಮಾರುವವರಿಗೆ ಆ ಕೆಲಸದಿಂದ ಈ ವ್ಯಾಧಿ ಬರುವುದಿಲ್ಲ, ಮೆಲ್ಲುವುದರಿಂದ ಬರುತ್ತದೆ. ಈ ಸೀಮೆಯಲ್ಲಿ ದವಡೆ ಬಿಗಿಯಿತೆಂದು ಬಂದ ಪ್ರತಿಯೊಬ್ಬರಲ್ಲಿಯೂ ಕಿವಿಯ ಮುಂದಿನ ಕೀಲನ್ನು ಮುಟ್ಟಿ ನೋಡುವುದರ ಜೊತೆಗೆ ಕೆನ್ನೆಯ ಒಳಭಾಗವನ್ನೂ ಪರೀಕ್ಷಿಸುವುದು ವೈದ್ಯರ ಅವಶ್ಯ ಕರ್ತವ್ಯ.