ಮಡಿಕೇರಿಯಲ್ಲೊಂದು ಮಹಾಸಭೆ

ಹತ್ತೂವರೆಗೆ ಸಭೆ ಎಂದರೆ ಹತ್ತೂಕಾಲಿಗೇ ಕುರ್ಚಿ ಎಣಿಸಿ ಮುಗಿಸಿದ ಅಧ್ಯಕ್ಷರನ್ನು ನಾನು ನೋಡಿದ್ದು ಅದೇ ಮೊದಲು. ಜೂನ್ ತಿಂಗಳ ಮಡಿಕೇರಿ. ಮಂಜು ಎಷ್ಟು ದಟ್ಟವಾಗಿ ಕವಿದಿತ್ತೆಂದರೆ ಎದುರಂಗಡಿಯ ಬೋರ್ಡಿನಲ್ಲಿ ‘ಹೋಂ ಮೇಡ್’ ಎಂಬಷ್ಟೇ ಕಾಣುತ್ತಿತ್ತು; ಮುಂದೆ ಇದ್ದದ್ದು ಚಾಕೊಲೇಟೋ ವೈನೋ ಗೊತ್ತಾಗುವಂತಿರಲಿಲ್ಲ. ಬಾಗಿಲ ಪಕ್ಕದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹತ್ತಾರು ಕೊಡೆಗಳು ನೀರಿಳಿಸಿಕೊಳ್ಳುತ್ತಾ ನಿಂತಿದ್ದವು. ಒಳಗೆ ಒದ್ದೆ ಉಣ್ಣೆಯ ವಾಸನೆ. ಯಾರದೋ ಸ್ವೆಟರ್‌ನಿಂದ ಕರ್ಪೂರದ ಗುಳಿಗೆಯ ಘಮಲು. ಎಪ್ಪತ್ತು ಕುರ್ಚಿಗೆ ಮೂವತ್ತು ಚಿಲ್ಲರೆ ಜನ.

ಕೊಡಗಿನ ಹೋಂಸ್ಟೇ, ಹೋಟೆಲು, ಜೀಪು, ಟ್ರಾವೆಲ್ಸ್‌ನವರೆಲ್ಲ ಸೇರಿ ಮಾಡಿಕೊಂಡಿರುವ ಇಂಥ ಸಂಘಗಳು ಜಿಲ್ಲೆಯಲ್ಲಿ ಒಂದೆರಡಲ್ಲ. ಇದರ ಹೆಸರು ಬೇಡ. ವೇದಿಕೆಯ ಮೇಲಿದ್ದವರು ಪ್ರವಾಸೋದ್ಯಮಕ್ಕೆ ಬರುವ ಮೊದಲು ಏನಾಗಿದ್ದರು ಎಂಬುದು ನನ್ನ ಕುತೂಹಲವಾಗಿತ್ತು. ಒಬ್ಬೊಬ್ಬರ ಹಳೆಯ ಕಸುಬೂ ಅವರು ಮೈಕ್ ಹಿಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಅಧ್ಯಕ್ಷರು ನಿವೃತ್ತ ಸುಬೇದಾರ್. ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ಇಪ್ಪತ್ತೆಂಟು ವರ್ಷ ಇದ್ದು, ಸೇತುವೆ ಕಟ್ಟಿ, ರಸ್ತೆ ಕಡಿದು ಬಂದವರು. ಮೈಕ್ ಕೈಗೆ ಸಿಕ್ಕರೂ ಅದನ್ನು ನಂಬದೆ ಮೈದಾನದ ದನಿಯಲ್ಲೇ ಮಾತಾಡುತ್ತಾರೆ. ಅವರ ಬಾಯಲ್ಲಿ ಪ್ರವಾಸಿಗರ ಗುಂಪು ‘ಪಾರ್ಟಿ’, ರೂಮು ಖಾಲಿ ಮಾಡುವುದು ‘ಮೂವ್‌ಮೆಂಟ್’. ಅವರ ಹೋಂಸ್ಟೇಯಲ್ಲಿ ಬೆಳಗ್ಗೆ ಏಳಕ್ಕೆ ಟೀ, ಎಂಟೂವರೆಗೆ ತಿಂಡಿ, ಹತ್ತಕ್ಕೆ ಚೆಕ್‌ಔಟ್. ಬೆಂಗಳೂರಿನಿಂದ ನಿದ್ದೆ ಮಾಡಲೆಂದೇ ಬಂದ ಹುಡುಗರೂ ಏಳಕ್ಕೆ ಎದ್ದು ಲೋಟ ಹಿಡಿದು ನಿಲ್ಲುತ್ತಾರಂತೆ. ಇದನ್ನು ಹೇಳಿದವರು ಅವರ ಪಕ್ಕದ ಮನೆಯವರು. ಸುಬೇದಾರರು ಅಲ್ಲಗಳೆಯಲಿಲ್ಲ.

ಕೊಡಗಿನಲ್ಲಿ ಇದು ಆಶ್ಚರ್ಯದ ಸಂಗತಿಯೂ ಅಲ್ಲ. 1949ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರೂ 1957ರಲ್ಲಿ ಸೇನಾ ಮುಖ್ಯಸ್ಥರಾದ ತಿಮ್ಮಯ್ಯನವರೂ ಈ ನೆಲದವರು. ತಿಮ್ಮಯ್ಯನವರು ಹುಟ್ಟಿ ಬೆಳೆದ ‘ಸನ್ನಿ ಸೈಡ್’ ಮನೆ ಇದೇ ಊರಿನಲ್ಲಿದೆ. 2021ರಿಂದ ಅದು ಮ್ಯೂಸಿಯಂ. ಜನರಲ್ ಒಬ್ಬರ ಮನೆಯೇ ಪ್ರವಾಸಿ ತಾಣವಾಗಿರುವಾಗ ಸುಬೇದಾರರು ಪ್ರವಾಸಿ ಸಂಘದ ಅಧ್ಯಕ್ಷರಾದರೆ ಯಾರು ಹುಬ್ಬೇರಿಸುತ್ತಾರೆ?

ಕಾರ್ಯದರ್ಶಿಗಳು ವಿರಾಜಪೇಟೆ ಕಡೆಯ ಬೆಳೆಗಾರರು. ಅವರಿಗೆ ಕೊಟ್ಟ ಪೇಪರ್ ಲೋಟದ ಕಾಫಿಯನ್ನು ಮೂಗಿನ ಹತ್ತಿರ ತಂದು, ಕುಡಿಯದೆ, ಮೇಜಿನ ಆ ತುದಿಗೆ ತಳ್ಳಿದರು. ‘ಚಿಕೋರಿ’ ಎಂದರು, ಯಾರದೋ ಹೆಸರು ಹಿಡಿದು ಬೈದ ಹಾಗೆ. ಕಾಫಿ ಬೆಳೆಯುವವರೇ ಕೂತಿರುವ ಸಭೆಗೆ ಚಿಕೋರಿ ಬೆರೆಸಿದ ಕಾಫಿ ತರಿಸಿದವರು ಯಾರು ಎಂಬ ಬಗ್ಗೆ ಐದು ನಿಮಿಷ ಗುಸುಗುಸು ನಡೆಯಿತು. ಅಂದಿನ ಸಭೆಯಲ್ಲಿ ಅಷ್ಟು ಒಮ್ಮತ ಕಂಡ ವಿಷಯ ಇನ್ನೊಂದಿರಲಿಲ್ಲ.

ಇವರು ಹೋಂಸ್ಟೇಗೆ ಬಂದ ಕತೆಯಲ್ಲೇ ಕೊಡಗಿನ ಹೋಂಸ್ಟೇಗಳ ಕತೆ ಇದೆ. ಇವರ ತಂದೆಯ ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಹಾಕಬೇಕಿತ್ತು. ಮಂಡಳಿ ಹರಾಜು ಹಾಕಿ, ಕಂತು ಕಂತಾಗಿ ದುಡ್ಡು ಕೊಡುತ್ತಿತ್ತು. ತೊಂಬತ್ತರ ದಶಕದಲ್ಲಿ ಆ ಕಟ್ಟು ಸಡಿಲವಾಗುತ್ತಾ ಬಂದು 1996ರ ಹೊತ್ತಿಗೆ ಮಾರುಕಟ್ಟೆ ಪೂರ್ತಿ ತೆರೆದುಕೊಂಡಿತು. ಅದಕ್ಕೆ ಸ್ವಲ್ಪ ಮೊದಲು ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡ ಸುಟ್ಟಿದ್ದರಿಂದ ಇಲ್ಲಿ ಬೆಲೆ ಗಗನಕ್ಕೇರಿತ್ತು. ತೋಟಗಳಿಗೆ ಹೊಸ ಜೀಪು ಬಂದವು, ಮನೆಗಳಿಗೆ ಹೊಸ ಕೋಣೆ ಬಂದವು. ಆಮೇಲೆ ವಿಯೆಟ್ನಾಮ್‌ನ ರೋಬಸ್ಟಾ ಲೋಕದ ಮಾರುಕಟ್ಟೆಗೆ ಹರಿದು ಬಂತು. 2000ರಿಂದ ಎರಡು ಮೂರು ವರ್ಷ ಬೆಲೆ ಪಾತಾಳಕ್ಕಿಳಿಯಿತು. ಕುಯ್ಲಿನ ಕೂಲಿಯೂ ಹುಟ್ಟದ ಕಾಲ. ಒಳ್ಳೆಯ ಕಾಲದಲ್ಲಿ ಕಟ್ಟಿದ ಕೋಣೆಗಳು ಖಾಲಿ ಬಿದ್ದಿದ್ದವು; ಮಕ್ಕಳು ಬೆಂಗಳೂರು ಸೇರಿದ್ದರು. ಮಗನ ಆಫೀಸಿನ ಸ್ನೇಹಿತರು ಬಂದು ಎರಡು ದಿನ ಇದ್ದು ಹೋಗುವಾಗ ದಿಂಬಿನ ಕೆಳಗೆ ದುಡ್ಡಿಟ್ಟು ಹೋದರು. ‘ಮರಳಿ ಕೊಡೋಕೆ ವಿಳಾಸ ಇರಲಿಲ್ಲ ನೋಡಿ. ಹಾಗೆ ಶುರುವಾಯ್ತು’ ಎಂದರು ಕಾರ್ಯದರ್ಶಿ.

ಅವರ ಮೊದಲ ಅತಿಥಿ ಪುಸ್ತಕವನ್ನು ಆಮೇಲೆ ಮನೆಯಲ್ಲಿ ತೋರಿಸಿದರು. ಅದು ಕುಯ್ಲಿನ ಲೆಕ್ಕದ ಪುಸ್ತಕ. ಕೆಂಪು ರಟ್ಟು, ಅಂಚಿಗೆ ಕಾಫಿ ಹಣ್ಣಿನ ಅಂಟು ಒಣಗಿ ಕಪ್ಪಾಗಿತ್ತು. ಮೊದಲ ನಲವತ್ತು ಪುಟ ಕೂಲಿಯವರ ಹೆಸರು, ಕಿತ್ತ ಹಣ್ಣಿನ ತೂಕ, ಹೆಬ್ಬೆಟ್ಟಿನ ಗುರುತು. ಆ ವರ್ಷ ಬೆಲೆಯಿಲ್ಲದೆ ಕುಯ್ಲು ಅರ್ಧಕ್ಕೆ ನಿಂತಿತು. ನಂತರದ ಪುಟದಿಂದ ಪ್ರವಾಸಿಗರು. ಕಾಲಂಗಳು ಮಾತ್ರ ಹಳೆಯವೇ. ‘ಹೆಸರು’ ಎಂಬಲ್ಲಿ ಬೆಂಗಳೂರಿನ ಒಂದು ಕುಟುಂಬ, ‘ಕೆ.ಜಿ.’ ಎಂಬಲ್ಲಿ 4. ಅಂದರೆ ನಾಲ್ಕು ಜನ. ಹೆಬ್ಬೆಟ್ಟಿನ ಜಾಗದಲ್ಲಿ ಯಾರೋ ಚೆಂದದ ಇಂಗ್ಲಿಷಿನಲ್ಲಿ ಸಹಿ ಹಾಕಿದ್ದರು.

ಖಜಾಂಚಿಗಳು ಪ್ಯಾಕ್ಸ್‌ನಲ್ಲಿ, ಅಂದರೆ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘದಲ್ಲಿ, ಮೂವತ್ತು ವರ್ಷ ಲೆಕ್ಕ ಬರೆದವರು. ವಾರ್ಷಿಕ ಲೆಕ್ಕ ಓದುವಾಗ ಫ್ಲೆಕ್ಸ್ ಬ್ಯಾನರಿನ ರಸೀದಿಯೊಂದು ಸಿಗದೆ ಸಭೆ ಇಪ್ಪತ್ತು ನಿಮಿಷ ನಿಂತಿತು. ‘ನಾನು ಕೈಯಿಂದ ಹಾಕ್ತೀನಿ ಬಿಡಿ ಮಾರಾಯ್ರೇ’ ಎಂದು ಸುಬೇದಾರರು ಪರ್ಸ್ ತೆಗೆದರೂ ಖಜಾಂಚಿಗಳು ಒಪ್ಪಲಿಲ್ಲ. ರಸೀದಿ ಕೊನೆಗೆ ಅವರ ಕನ್ನಡಕದ ಪೆಟ್ಟಿಗೆಯೊಳಗೇ ಸಿಕ್ಕಿತು.

ಉಪಾಧ್ಯಕ್ಷರೊಬ್ಬರೇ ಹುಟ್ಟಾ ಹೋಟೆಲಿನವರು. ಅವರ ತಂದೆ ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಬಂದು ಬಸ್ ಸ್ಟ್ಯಾಂಡ್ ಹತ್ತಿರ ಊಟದ ಹೋಟೆಲಿಟ್ಟವರು. ಇವರು ಹತ್ತನೇ ವಯಸ್ಸಿಗೇ ಮೇಜು ಒರೆಸಿದ್ದಾರೆ. ಅತಿಥಿಯನ್ನು ‘ಗಿರಾಕಿ’ ಎಂದು ಅಳುಕಿಲ್ಲದೆ ಕರೆಯುವವರು ವೇದಿಕೆಯಲ್ಲಿ ಇವರೊಬ್ಬರೇ. ಸಭೆಯಲ್ಲಿ ಇವರು ಆಡಿದ್ದು ಒಂದೇ ಮಾತು: ‘ಊಟಕ್ಕೆ ಎಷ್ಟು ಜನ ಅಂತ ಈಗಲೇ ಕೈ ಎತ್ತಿ, ಅನ್ನ ವೇಸ್ಟ್ ಆಗಬಾರದು.’

ನನಗನ್ನಿಸುವಂತೆ ಬೆಳೆಗಾರರ ತೊಡಕು ಈ ‘ಗಿರಾಕಿ’ ಎಂಬ ಪದದಲ್ಲೇ ಇದೆ. ಮನೆಗೆ ಬಂದವರ ಹತ್ತಿರ ದುಡ್ಡು ಕೇಳಲು ಇಂದಿಗೂ ಅವರಿಗೆ ನಾಲಗೆ ಏಳುವುದಿಲ್ಲ. ದರಪಟ್ಟಿ ಹಾಕಿ ಎಂದರೆ ಗೋಡೆಯ ಮೇಲಿನ ಅಜ್ಜನ ಫೋಟೊ ನೋಡುತ್ತಾರೆ. ಅತ್ತ ಬುಕಿಂಗ್ ಆ್ಯಪಿನವರು ಕಮಿಷನ್ ಕತ್ತರಿಸುವಾಗ ಯಾವ ಅಜ್ಜನ ಮುಖವನ್ನೂ ನೋಡುವುದಿಲ್ಲ.

ಇಂಥವರ ಕೈಯಲ್ಲಿ ಸಂಘ ಏನು ಮಾಡೀತು ಎಂದು ಕೇಳುವವರು 2018ರ ಆಗಸ್ಟ್ ನೆನೆಸಿಕೊಳ್ಳಬೇಕು. ಸ್ವಾತಂತ್ರ್ಯ ದಿನದ ಆಸುಪಾಸು ಮಳೆ ಸುರಿದು ಮಕ್ಕಂದೂರು, ಕಾಲೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವು. ಮಡಿಕೇರಿಯಿಂದ ಮಂಗಳೂರಿಗೆ ಇಳಿಯುವ ಹೆದ್ದಾರಿ ಕಿತ್ತುಹೋಯಿತು. ಪ್ರವಾಸಿಗರು ಬರಬೇಡಿ ಎಂದು ಜಿಲ್ಲಾಡಳಿತವೇ ಕೆಲವು ವಾರ ತಡೆ ಹಾಕಿತು. ಆಗ ಸುಬೇದಾರರು ಹಗ್ಗ, ಹಲಗೆ ಹಿಡಿದು ಹೊರಟರು. ಕೆಸರಿನಲ್ಲಿ ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಎಂಬುದು ಅವರಿಗೆ ಗೊತ್ತಿತ್ತು. ಬೆಳೆಗಾರರು ಮನೆ ಕಳಕೊಂಡವರಿಗೆ ಹೋಂಸ್ಟೇ ಬಾಗಿಲು ತೆರೆದರು. ದುಡ್ಡು ಕೇಳಲು ಬಾರದ ಆ ನಾಲಗೆ ಅಂದು ಕೆಲಸಕ್ಕೆ ಬಂತು. ಖಜಾಂಚಿಗಳು ಸದಸ್ಯರ ಸಾಲದ ಕಂತು ಮುಂದೂಡಿ ಎಂಬ ಅರ್ಜಿಗಳನ್ನು ಕೈಬರಹದಲ್ಲೇ ಬರೆದು ಬರೆದು ಹಾಕಿದರು. ಹೋಟೆಲಿನವರು ದೊಡ್ಡ ಹಂಡೆ ಒಲೆಗಿಟ್ಟರು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಬಂದವರಿದ್ದರೆ ಇಷ್ಟು ಮಾಡುತ್ತಿದ್ದರೇ ಎಂದು ಕಾರ್ಯದರ್ಶಿ ನನ್ನನ್ನು ಕೇಳಿದರು. ಮಾಡುತ್ತಿದ್ದರೋ ಏನೋ. ಆದರೆ ಹಗ್ಗ ಎಲ್ಲಿ ಸಿಗುತ್ತದೆ ಎಂದು ಹುಡುಕಬೇಕಾಗುತ್ತಿತ್ತು.

ಹಳೆಯ ಕಸುಬು ಪ್ರವಾಸೋದ್ಯಮಕ್ಕೆ ಒದಗಿ ಬಂದದ್ದು ಪಕ್ಕದ ಕಬಿನಿಯಲ್ಲೂ ಹೀಗೇ. ರಾಜ್ಯ ಸರ್ಕಾರ ಜಂಗಲ್ ಲಾಡ್ಜಸ್ ಸಂಸ್ಥೆ ಶುರುಮಾಡಿದ್ದು 1980ರಲ್ಲಿ, ನೇಪಾಳದ ಟೈಗರ್ ಟಾಪ್ಸ್‌ನವರ ಜೊತೆ ಸೇರಿ. ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ, ಮಹಾರಾಜರ ಶಿಕಾರಿ ಬಂಗಲೆಯ ಜಾಗದಲ್ಲಿ ಎದ್ದ ಅದರ ಲಾಡ್ಜಿಗೆ ಪ್ರಾಣ ತುಂಬಿದವರು ಕರ್ನಲ್ ಜಾನ್ ವೇಕ್‌ಫೀಲ್ಡ್. 1916ರಲ್ಲಿ ಬಿಹಾರದ ಗಯೆಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಬೇಟೆಗಿಳಿದು, ಸೈನ್ಯದಲ್ಲಿದ್ದು, ಕೊನೆಗೆ ಬಂದೂಕು ಕೆಳಗಿಟ್ಟವರು. 2010ರಲ್ಲಿ ತೀರಿಹೋಗುವವರೆಗೂ ಕಬಿನಿಯಲ್ಲೇ ಇದ್ದರು, ಎಲ್ಲರಿಗೂ ‘ಪಾಪಾ’. ಹುಲಿ ಎಲ್ಲಿ ಬರುತ್ತದೆ ಎಂದು ಅವರಿಗೆ ಗೊತ್ತಿದ್ದುದು ಹೊಡೆಯಲು ಹೊರಟಿದ್ದ ದಿನಗಳಿಂದ. ಕರ್ನಾಟಕದ ವನ್ಯಜೀವಿ ಪ್ರವಾಸಕ್ಕೆ ದಾರಿ ತೋರಿದವರ ಹಳೆಯ ಕಸುಬು ಶಿಕಾರಿ ಎಂದರೆ ಇಂದಿನ ಸಫಾರಿ ಹುಡುಗರು ನಂಬುವುದು ಕಷ್ಟ.

ಸಭೆಗೆ ಮರಳುತ್ತೇನೆ. ಹನ್ನೆರಡರ ಹೊತ್ತಿಗೆ ಹಿಂದಿನ ಸಾಲಿನಿಂದ ಜೀಪಿನವರೊಬ್ಬರು ಎದ್ದರು. ಮೊದಲು ಕಾಫಿ ಮೂಟೆಯ ಲಾರಿ ಓಡಿಸುತ್ತಿದ್ದವರು, ಈಗ ಮಾಂದಲಪಟ್ಟಿ ಬೆಟ್ಟಕ್ಕೆ ಪ್ರವಾಸಿಗರ ಜೀಪು. ಆ ಕಲ್ಲುದಾರಿಯಲ್ಲಿ ಒಮ್ಮೆ ಕೂತು ಹೋದವರಿಗೆ ಗೊತ್ತು, ಸೊಂಟದ ಮೂಳೆಗಳ ಲೆಕ್ಕ ಸಿಗುತ್ತದೆ. ಟೈರು, ಕ್ಲಚ್ ಪ್ಲೇಟು, ಡೀಸೆಲ್‌ನ ಖರ್ಚು ಹೇಳಿ, ದರ ನಿಗದಿ ಮಾಡುವ ಕಮಿಟಿಯಲ್ಲಿ ಜೀಪಿನವರು ಯಾಕಿಲ್ಲ ಎಂದು ಕೇಳಿದರು. ಚೀಟಿಯಿಲ್ಲ, ಅಂಕಿಯೆಲ್ಲ ಬಾಯಲ್ಲೇ ಇತ್ತು. ಖಜಾಂಚಿಗಳು ಪೆನ್ನು ತೆಗೆದು ಬರೆದುಕೊಂಡದ್ದು ಸಭೆಯಲ್ಲಿ ಆ ಒಂದು ಭಾಷಣವನ್ನು ಮಾತ್ರ.

ಆಮೇಲೆ ಎದ್ದವರು ಗೋಣಿಕೊಪ್ಪಲು ಕಡೆಯ ಒಬ್ಬ ಅಕ್ಕ. ಹನ್ನೊಂದು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಅತಿಥಿಗಳು ಹೆಚ್ಚಾದ ಮೇಲೆ ಕೆಲಸ ಬಿಟ್ಟವರು. ಬೆಳಗಿನ ನೂಲ್‌ಪುಟ್ಟಿನಿಂದ ರಾತ್ರಿಯ ಪಂದಿಕರಿಯವರೆಗೆ, ಹಾಸಿಗೆ ಚಾದರದಿಂದ ವಿದೇಶಿಯರು ಬಂದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ತುಂಬಿ ಕಳಿಸಬೇಕಾದ ಫಾರಂವರೆಗೆ ಎಲ್ಲವೂ ಅವರದೇ ಕೈ. ಸದಸ್ಯರ ಪಟ್ಟಿಯಲ್ಲಿ ಮಾತ್ರ ಗಂಡನ ಹೆಸರಿದೆ. ಅವರು ಅಂದು ತೋಟಕ್ಕೆ ಗೊಬ್ಬರ ತರಲು ಹೋಗಿದ್ದರು.

‘ಎಂಟು ಜನ ಅಂತ ಬುಕ್ ಮಾಡಿ ಭಾನುವಾರ ಹದಿನಾಲ್ಕು ಜನ ಬಂದ್ರು. ಹದಿನಾಲ್ಕು ಜನಕ್ಕೆ ಕಡಂಬುಟ್ಟು ಉಂಡೆ ಕಟ್ಟಿ ಬೇಯಿಸೋಕೆ ಎಷ್ಟು ಹೊತ್ತು ಬೇಕು, ವೇದಿಕೆ ಮೇಲಿರೋರು ಯಾರಾದ್ರೂ ಹೇಳಿ ನೋಡೋಣ’ ಎಂದರು. ಪಾಠ ಹೇಳಿದ ದನಿ. ಉತ್ತರಕ್ಕೆ ಕಾದು ನಿಂತರು. ಸುಬೇದಾರರು ಕಾರ್ಯದರ್ಶಿಯ ಮುಖ ನೋಡಿದರು. ಕಾರ್ಯದರ್ಶಿ ಚಿಕೋರಿ ಕಾಫಿಯ ಲೋಟ ನೋಡಿದರು. ಹೋಟೆಲಿನ ಉಪಾಧ್ಯಕ್ಷರು ಮಾತ್ರ ಮೆಲ್ಲಗೆ ‘ಎರಡು ಗಂಟೆ’ ಎಂದರು. ‘ಎರಡೂವರೆ’ ಎಂದು ತಿದ್ದಿದರು ಅಕ್ಕ. ಬಳಿಕ ಅವರು ಸಲಹೆಯೊಂದನ್ನು ಮುಂದಿಟ್ಟರು: ಪ್ರತಿ ಹೋಂಸ್ಟೇಯಿಂದ ಇಬ್ಬರ ಹೆಸರು ಸದಸ್ಯತ್ವದ ಪುಸ್ತಕದಲ್ಲಿ ಇರಬೇಕು, ಇಬ್ಬರಿಗೂ ಮತ ಇರಬೇಕು.

ಮನೆಯವರು ಅದೇ ಮನೆಯಲ್ಲಿ ವಾಸವಿದ್ದರೆ ಮಾತ್ರ ಹೋಂಸ್ಟೇ ಎಂಬುದು ಸರ್ಕಾರದ ನಿಯಮ. ಹೊರಗಿನವರು ಗುಡ್ಡ ಕಡಿದು ಕಟ್ಟಿ, ಕೆಲಸದವರನ್ನಿಟ್ಟು ನಡೆಸುವ ‘ಹೋಂಸ್ಟೇ’ಗಳ ವಿರುದ್ಧ ಈ ಸಂಘ ವರ್ಷವಿಡೀ ಅರ್ಜಿ ಕೊಡುವುದು ಇದೇ ನಿಯಮ ಹಿಡಿದು. ಆ ಮನೆಯವರೆಂದರೆ ಯಾರು ಎಂದು ಅಕ್ಕ ಕೇಳಿದ್ದರು, ಅಷ್ಟೇ. ಕೆಲವರು ತಲೆದೂಗಿದರು. ‘ಬೈಲಾ ತಿದ್ದುಪಡಿ ಆಗಬೇಕಾಗುತ್ತೆ’ ಎಂದರು ಖಜಾಂಚಿ. ಸಹಕಾರಿ ಸಂಘದಲ್ಲಿ ಮೂವತ್ತು ವರ್ಷ ಇದ್ದವರ ಬಾಯಲ್ಲಿ ಆ ಮಾತಿಗೆ ಏನರ್ಥ ಎಂದು ಸಭೆಗೆ ಬೇಗ ತಿಳಿಯಿತು.

ಇನ್ನೊಂದು ಸಂಗತಿ ಗಮನಕ್ಕೆ ಬಂತು. ಬೆಳೆಗಾರರ ಕುರ್ಚಿಗಳೇ ಹೆಚ್ಚು ಖಾಲಿ ಇದ್ದವು. 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿದ ಮೇಲೆ ತೋಟದವರಿಗೆ ಪ್ರವಾಸಿಗರ ಮೇಲಿನ ಪ್ರೀತಿ ತುಸು ಇಳಿದಿದೆ ಎಂದು ಹೋಟೆಲಿನವರು ನಕ್ಕರು. ಬೆಲೆ ಬಿದ್ದಾಗ ಬಂದವರು ಬೆಲೆ ಎದ್ದಾಗ ತೋಟಕ್ಕೆ ವಾಪಸು ಹೋಗಿದ್ದಾರೆ. ಕಾರ್ಯದರ್ಶಿಯೂ ನಕ್ಕರು, ಆದರೆ ಅಲ್ಲಗಳೆಯಲಿಲ್ಲ.

ಊಟಕ್ಕೆ ಮುಂಚೆ ಚುನಾವಣೆ. ಕೈ ಎತ್ತಿ ಮತ, ಹತ್ತು ನಿಮಿಷದ ಕೆಲಸ. ಹೊಸ ಸಮಿತಿಯಲ್ಲಿ ಹನ್ನೊಂದು ಜನ: ಬೆಳೆಗಾರರು ನಾಲ್ವರು, ಸೇನೆಯಿಂದ ಬಂದವರು ಮೂವರು, ಹೋಟೆಲಿನವರು ಇಬ್ಬರು, ಪ್ಯಾಕ್ಸ್‌ನ ಖಜಾಂಚಿ ಒಬ್ಬರು, ಈ ಸಲ ಹೊಸದಾಗಿ ಜೀಪಿನವರು ಒಬ್ಬರು. ಹೆಂಗಸರು ಯಾರೂ ಇಲ್ಲ. ಅಕ್ಕನವರ ಸಲಹೆಯನ್ನು ಮುಂದಿನ ಮಹಾಸಭೆಗೆ ಇಟ್ಟುಕೊಳ್ಳಲಾಗಿದೆ.