ಕಾರಿನ ಜೊತೆ ಬಂದ ಪುಸ್ತಕ ಓದಿದ್ದೀರಾ? ಹತ್ತು ನಿಮಿಷ ಕೊಟ್ರೆ ಇಂಜಿನ್ ಉಳಿಯುತ್ತೆ

ಕಾರು ತಗೊಂಡಾಗ ಶೋರೂಂನವರು ಕೀ ಜೊತೆ ಒಂದು ದಪ್ಪ ಪುಸ್ತಕ ಕೊಡ್ತಾರೆ. ಅದೇ ಓನರ್ಸ್ ಮ್ಯಾನ್ಯುಯಲ್. ಎಷ್ಟೋ ಜನರ ಕಾರಲ್ಲಿ ಅದರ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲ್ಲ.

ನಮ್ಮ ಮಾವನ ಕಾರಲ್ಲೂ ಹಾಗೇ ಇತ್ತು. ಒಂದಿನ ಮೀಟರ್‌ನಲ್ಲಿ ಎಣ್ಣೆ ಡಬ್ಬಿ ಚಿತ್ರದ ಕೆಂಪು ಲೈಟ್ ಬಂತು. ‘ಊರಿಗೆ ಹೋಗಿ ತೋರಿಸೋಣ’ ಅಂತ ಓಡಿಸಿದ್ರು. ದಾರೀಲೇ ಇಂಜಿನ್ ಸೀಜ್ ಆಯ್ತು. ಆ ಲೈಟ್ ಅಂದ್ರೆ ಆಯಿಲ್ ಪ್ರೆಷರ್ ಇಲ್ಲ, ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ ಅಂತ ಪುಸ್ತಕದಲ್ಲೇ ಇತ್ತು!

ಮೊದಲು ಈ ಪುಟಗಳನ್ನು ನೋಡಿ:

* ವಾರ್ನಿಂಗ್ ಲೈಟ್: ಸಾಮಾನ್ಯವಾಗಿ ಕೆಂಪು ಬಂದರೆ ನಿಲ್ಲಿಸಿ, ಹಳದಿ ಬಂದರೆ ಬೇಗ ಮೆಕ್ಯಾನಿಕ್‌ಗೆ ತೋರಿಸಿ.

* ಟೈರ್ ಗಾಳಿ: ಟೈರ್ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಹಾಕಿಸಬೇಕಾದ ಲೆಕ್ಕ ಅಲ್ಲ. ಸರಿಯಾದ ಲೆಕ್ಕ ಮ್ಯಾನ್ಯುಯಲ್‌ನಲ್ಲಿದೆ. ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲೂ ಇರುತ್ತೆ. ಅಂಗಡಿ ಸಾಮಾನು ತುಂಬಿದಾಗ ಲೆಕ್ಕ ಬೇರೆ. ಟೈರ್ ತಣ್ಣಗಿದ್ದಾಗಲೇ ಚೆಕ್ ಮಾಡಿಸಿ.

* ಪೆಟ್ರೋಲ್: ಬಂಕ್‌ಗಳಲ್ಲಿ ಈಗ 20% ಎಥನಾಲ್ ಬೆರೆಸಿದ ಇ20 ಬರ್ತಿದೆ. ಹಳೇ ಕಾರಾದರೆ ನಿಮ್ಮ ಮಾಡೆಲ್‌ಗೆ ಯಾವುದು ಸೂಕ್ತ ಅಂತ ಓದಿಕೊಳ್ಳಿ.

* ಸರ್ವಿಸ್: ಆಯಿಲ್ ಯಾವ ಗ್ರೇಡ್, ಎಷ್ಟು ಕಿ.ಮೀ.ಗೆ ಬದಲಾಯಿಸಬೇಕು ಅನ್ನೋದು ಗೊತ್ತಿದ್ರೆ ಗ್ಯಾರೇಜ್ ಬಿಲ್ ನೀವೇ ಪರೀಕ್ಷಿಸಬಹುದು.

ಇಂಗ್ಲಿಷ್ ಕಷ್ಟ ಆದ್ರೆ ಮನೇಲಿ ಓದೋ ಮಕ್ಕಳಿಂದ ಓದಿಸಿ. ಪುಸ್ತಕ ಕಳೆದಿದ್ರೆ ಕಂಪನಿ ವೆಬ್‌ಸೈಟ್‌ನಲ್ಲಿ ನಿಮ್ಮ ಮಾಡೆಲ್ ಹೆಸರು ಹಾಕಿ ಹುಡುಕಿ. ವಾರ್ನಿಂಗ್ ಲೈಟ್ ಪುಟದ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.